ಡಜನಿಗೊಂದು ಕೊಸರು

ಒಳಗೆ ಬನ್ನಿ, ಬೂಟು ಬಿಚ್ಚಬೇಡಿ,
ಇಲ್ಲಿ ನೆಲವೇ ಕೆಸರು.
ಈ ದ್ವೀಪದ ಮಣ್ಣು ಕೆಂಪು, ಹತ್ತಿದರೆ ಬಿಡದು,
ನನ್ನ ಮದುವೆಯ ಬಿಳಿ ಗೌನಿನಂಚಿಗೂ ಮೆತ್ತಿತ್ತು.

ಹೊರಗೆ ಹಲಗೆಯ ಮೇಲಿರುವುದು ಹೋದ ವರ್ಷದ ದರ.
ಈ ವರ್ಷದ್ದು ಬರೆಯಲು ಕೈ ಬರಲಿಲ್ಲ.
ಡಜನಿಗೆ ಹದಿನೆಂಟು.
ಚೌಕಾಸಿ ಬೇಡ. ಒಲ್ಲೆನೆಂದರೆ ಸೇತುವೆಯಾಚೆ
ಸೂಪರ್ ಮಾರ್ಕೆಟ್ಟಿದೆ, ಅಲ್ಲಿ
ಐಸಿನ ಮೇಲೆ ಮಲಗಿಸಿ ನಿಂಬೆಹೋಳು ಇಟ್ಟಿರುತ್ತಾರೆ,
ಹೆಣಕ್ಕೆ ಸಿಂಗಾರ ಮಾಡಿದ ಹಾಗೆ.

ತಾಜಾ ಹೌದೋ ಅಂತೀರಾ?
ಇವತ್ತು ಬೆಳಿಗ್ಗೆ ಏಳಕ್ಕೆ ಈ ಸಿಂಪಿ
ಮಾಲ್ಪೆಕ್ ಕೊಲ್ಲಿಯ ತಳದಲ್ಲಿ
ತನ್ನ ಪಾಡಿಗೆ ನೀರು ಕುಡಿಯುತ್ತಿತ್ತು.
ನಾನು ದೋಣಿಯಂಚಿಗೆ ಮೊಣಕಾಲು ಕೊಟ್ಟು
ಎರಡಾಳುದ್ದದ ಇಕ್ಕಳ ಇಳಿಸಿದೆ.
ಕಣ್ಣಿಗೆ ಏನೂ ಕಾಣದು ಅಲ್ಲಿ. ಮರದ ಹಿಡಿಯಲ್ಲೇ ಕೇಳಬೇಕು:
ಕಲ್ಲಾದರೆ ಕಟಕ್, ಕೆಸರಾದರೆ ಮೌನ,
ಸಿಂಪಿಯಾದರೆ ಬೇರೊಂದು ಥರ, ಹೇಗೆ ಹೇಳಲಿ,
ಕತ್ತಲಲ್ಲಿ ಅಡುಗೆಮನೆಯ ಪಾತ್ರೆಗೆ ಕೈ ತಗುಲಿದ ಹಾಗೆ.

ಅದು ಅಲೀರನ ಕೆಲಸವಾಗಿತ್ತು. ಅಗೋ, ಮೇಜಿನ ಹಿಂದೆ,
ನನ್ನ ಅಣ್ಣ. ಮಾತಾಡಿಸಬೇಡಿ,
ಮೋಟಾರಿನ ಸದ್ದಿಗೆ ಎರಡೂ ಕಿವಿ ಕೊಟ್ಟು ಬಂದವನು.
ಮೇ ತಿಂಗಳಲ್ಲಿ, ಮಂಜುಗಡ್ಡೆ ಕರಗಿದ ಮೇಲೆ,
ಇಕ್ಕಳ ಮೇಲೆತ್ತಿದರೆ ಹತ್ತರಲ್ಲಿ ಏಳು
ಬಾಯಿ ಬಿಟ್ಟಿದ್ದವು. ಒಳಗೆ ಬರೀ ರಾಡಿ.
ಏನೋ ರೋಗವಂತೆ, ಮನುಷ್ಯರಿಗೆ ಏನೂ ಆಗದಂತೆ.
ಸರ್ಕಾರದ ಹುಡುಗಿ ಬಂದು ಶೀಶೆಯಲ್ಲಿ ನೀರು ತುಂಬಿಕೊಂಡು
ಒಳ್ಳೆಯ ಮಾತಾಡಿ ಹೋದಳು.
ಆವತ್ತು ದೋಣಿ ಇಳಿದವನು ಮತ್ತೆ ಹತ್ತಲಿಲ್ಲ ಇವನು.
ಬಾಯಿ ಮುಚ್ಚಿಕೊಂಡವರು ಬದುಕಿಕೊಳ್ಳುತ್ತಾರೆ ಅನ್ನುತ್ತಾರಲ್ಲ,
ಸಿಂಪಿಗೆ ಸರಿ ಆ ಮಾತು.
ಮನುಷ್ಯರ ವಿಷಯ ನನಗೆ ಗೊತ್ತಿಲ್ಲ.

ನೋಡಿ ಈಗ.
ಒಂದನ್ನು ದವಡೆಗೆ ಒತ್ತಿ, ಇನ್ನೊಂದರಿಂದ ತಟ್ಟುತ್ತಾನೆ.
ಜೀವವಿದ್ದರೆ ಎಲುಬಿಗೆ ಭಾರ ತಿಳಿಯುತ್ತದಂತೆ,
ಟೊಳ್ಳಾದರೆ ಹಲ್ಲು ಝುಮ್ಮೆನ್ನುತ್ತದಂತೆ.
ಬೇಸಿಗೆಯಿಂದ ಸತ್ತದ್ದೊಂದನ್ನೂ ಯಾರ ಚೀಲಕ್ಕೂ ಹಾಕಿಲ್ಲ.
ದುಂಡಗಿದ್ದವು ಮಾಂಟ್ರಿಯಲ್ಲಿನ ಹೋಟೆಲಿಗೆ,
ಉದ್ದ ಮೂತಿಯವು ನಮ್ಮ ಊರಿನವರಿಗೆ.
ರುಚಿ ಒಂದೇ, ಮೋರೆಗೆ ಬೆಲೆ.
ಆ ಹಿತ್ತಾಳೆ ಬಳೆ ಕಾಣಿಸಿತೇ? ಮೂರಿಂಚು.
ಅದರಲ್ಲಿ ತೂರಿದ್ದೆಲ್ಲ ವಾಪಸು ನೀರಿಗೆ,
ದೋಣಿಯ ಕಂತು ಕಟ್ಟಲಾಗದ ತಿಂಗಳಲ್ಲೂ.

ಮುತ್ತೇ? ಎಲ್ಲರೂ ಕೇಳುತ್ತಾರೆ.
ನಲವತ್ತು ವರ್ಷದಲ್ಲಿ ಸಿಕ್ಕಿದ್ದು ಒಂದು,
ಮೆಣಸಿನಕಾಳಿನಷ್ಟು, ಬಣ್ಣ ಹಳೇ ಹಲ್ಲಿನದು.
ಅಮ್ಮ ಅದನ್ನು ಗುಂಡಿಡಬ್ಬಿಯಲ್ಲಿಟ್ಟಳು,
ಯಾವ ಅಂಗಿಗೂ ಹೊಂದಲಿಲ್ಲ.

ಹನ್ನೆರಡು ಎಣಿಸಿದೆ. ಇದು ಹದಿಮೂರನೆಯದು, ಕೊಸರು.
ಅಪ್ಪನ ಕಾಲದಿಂದ ಬಂದ ಲೆಕ್ಕ,
ನಷ್ಟದ ವರ್ಷವೆಂದು ಬಿಡಲಾಗದು.
ಉಬ್ಬಿದ ಹೊಟ್ಟೆ ಕೆಳಗೆ ಬರುವಂತಿಡಿ, ಒದ್ದೆ ಗೋಣಿ ಹೊದಿಸಿ,
ನಲ್ಲಿನೀರಲ್ಲಿ ಮುಳುಗಿಸಬೇಡಿ, ಸಾಯುತ್ತವೆ.
ಮೊದಲನೆಯದಕ್ಕೆ ನಿಂಬೆ ಹಿಂಡಬೇಡಿ,
ಚಿಪ್ಪಿನಲ್ಲಿ ನಿಂತ ನೀರನ್ನು ಹಾಗೇ ಕುಡಿಯಿರಿ,
ನಮ್ಮ ಕೊಲ್ಲಿ ಈಗ ಹೇಗಿದೆಯೆಂದು
ನಾನು ಹೇಳುವುದಕ್ಕಿಂತ ಅದು ಚೆನ್ನಾಗಿ ಹೇಳುತ್ತದೆ.
ಚಿಪ್ಪು ಕಸಕ್ಕೆ ಹಾಕದೆ ಬಕೆಟ್ಟಿನಲ್ಲಿ ತಂದಿಡಿ,
ಒಂದು ವರ್ಷ ಬಿಸಿಲಲ್ಲಿ ಒಣಗಿಸಿ ನೀರಿಗೆ ಬಿಡುತ್ತೇನೆ.
ಮರಿಗಳಿಗೆ ಕೂರಲು ಸತ್ತವರ ಬೆನ್ನೇ ಆಗಬೇಕು,
ಬೇರೆ ಯಾವ ಕುರ್ಚಿಯೂ ಒಗ್ಗುವುದಿಲ್ಲ.

ಚಿಲ್ಲರೆ ತಗೊಳ್ಳಿ, ಎರಡು ಡಾಲರ್.
ಹೋಗುವಾಗ ಬಾಗಿಲು ನಿಧಾನ ಎಳೆದುಕೊಳ್ಳಿ.
ಅವನಿಗೆ ಕೇಳಿಸುವುದಿಲ್ಲ, ನಿಜ,
ಆದರೆ ಮೇಜು ನಡುಗುತ್ತದೆ,
ದೋಣಿ ದಡಕ್ಕೆ ತಾಗಿತೆಂದು ತಲೆಯೆತ್ತುತ್ತಾನೆ.